ಕುಣಿದವರು ಅವರು, ಬೈಸಿಕೊಂಡವರು ನಾವು

ಊರು ಬಿಟ್ಟವರ ಅಂಚೆ: ಓದುಗರ ಪ್ರಶ್ನೆ, ಅಂಕಣಗಾರ್ತಿಯ ಉತ್ತರ

(ಬಾಲಿಯ ಸನೂರ್‌ನಲ್ಲಿ ವರ್ಷಗಟ್ಟಲೆ ಹೋಟೆಲ್ ಫ್ರಂಟ್ ಆಫೀಸ್ ನೋಡಿಕೊಂಡು ಈಗ ಉಡುಪಿಗೆ ಮರಳಿರುವ ನಮ್ಮ ಅಂಕಣಗಾರ್ತಿ ಈ ಪುಟದಲ್ಲಿ ಉತ್ತರಿಸುತ್ತಾರೆ. ಈ ಸಲ ಬಂದ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ವಿಷಯದವು. ಬರೆದವರ ಹೆಸರು ಕೈಬಿಟ್ಟಿದ್ದೇವೆ.)

ಪ್ರಶ್ನೆ: ಮೇಡಂ, ನಾನು ಸಾಗರದ ಕಡೆಯವನು. ಬಾಲಿಯ ಕುಟಾದಲ್ಲಿ ಒಂದು ಇಂಡಿಯನ್ ರೆಸ್ಟೊರೆಂಟಿನಲ್ಲಿ ಅಡುಗೆಯವನು. ಹೆಂಡತಿ, ಮಗಳು ಜೊತೆಗಿದ್ದಾರೆ. ಕಿತಾಸ್ (ಇಲ್ಲಿ ವಾಸ ಮಾಡುವ ಪರವಾನಗಿ) ಇದೆ, ತೆರಿಗೆ ಕಟ್ಟುತ್ತೇನೆ, ಯಾರ ತಂಟೆಗೂ ಹೋದವನಲ್ಲ. ನಮ್ಮ ಪಕ್ಕದ ವಿಲ್ಲಾಕ್ಕೆ ವಾರ ವಾರ ನಮ್ಮ ದೇಶದ ಗುಂಪುಗಳು ಬರುತ್ತವೆ. ನಡುರಾತ್ರಿ ದಾಟಿದರೂ ಸ್ಪೀಕರ್, ಸ್ವಿಮ್ಮಿಂಗ್ ಪೂಲಿನಲ್ಲಿ ಕೂಗಾಟ. ಬೆಳಿಗ್ಗೆ ಗೇಟಿನ ಮುಂದೆ ಬಾಟಲಿಗಳು. ಈಗ ನಮ್ಮ ಮನೆ ಮಾಲೀಕರು ಮುಂದಿನ ವರ್ಷಕ್ಕೆ ಮನೆ ಕೊಡುವುದಿಲ್ಲ ಅನ್ನುತ್ತಿದ್ದಾರೆ. 'ನೀವು ಇಂಡಿಯಾದವರು, ಗಲಾಟೆ ಜಾಸ್ತಿ' ಎಂದು ಮುಖಕ್ಕೇ ಹೇಳಿದರು. ಇತ್ತೀಚೆಗೆ ಅಂಗಡಿಯಲ್ಲಿ ಯಾವ ದೇಶ ಎಂದು ಕೇಳಿದರೆ 'ಮಲೇಷ್ಯಾ' ಅಂದುಬಿಡುತ್ತೇನೆ. ಮಗಳು ಅದನ್ನು ಕೇಳಿಸಿಕೊಂಡು 'ಅಪ್ಪಾ, ಯಾಕೆ ಸುಳ್ಳು ಹೇಳಿದ್ರಿ?' ಅಂದಳು. ಈ ಪ್ರವಾಸಿಗರಿಗೆ ನಾನೇ ಹೋಗಿ ಬುದ್ಧಿ ಹೇಳಲೇ? ಅಥವಾ ತೆಪ್ಪಗಿರಲೇ?

ಉತ್ತರ: ಮೊದಲು ಮನೆಯ ವಿಷಯ ನೋಡೋಣ, ಮಾನದ ವಿಷಯ ಆಮೇಲೆ.

ಆ ವಿಲ್ಲಾದ ಗಲಾಟೆಗೆ ಬೈಸಿಕೊಳ್ಳುತ್ತಿರುವುದು ಒಂದು ಇಡೀ ದೇಶ. ದುಡ್ಡು ಎಣಿಸಿಕೊಳ್ಳುತ್ತಿರುವವನು ಮಾತ್ರ ಒಬ್ಬ ಮಾಲೀಕ. ಸ್ಪೀಕರ್ ತಂದಿಟ್ಟವರು ಯಾರು, ಲೆಕ್ಕಕ್ಕಿಂತ ಜಾಸ್ತಿ ಜನರನ್ನು ಒಳಗೆ ಬಿಟ್ಟವರು ಯಾರು, 'ಇದು ಮನೆಗಳಿರುವ ಬೀದಿ, ರಾತ್ರಿ ಸದ್ದು ಬೇಡ' ಎಂದು ಕೀಲಿ ಕೊಡುವಾಗ ಹೇಳದೆ ಬಿಟ್ಟವರು ಯಾರು? ಬಾಲಿಯಲ್ಲಿ ಎಷ್ಟೋ ವಿಲ್ಲಾಗಳನ್ನು ಯಾರೋ ವರ್ಷಗಳ ಲೆಕ್ಕದಲ್ಲಿ ಗುತ್ತಿಗೆಗೆ ಹಿಡಿದು, ದಿನದ ಲೆಕ್ಕದಲ್ಲಿ ಬಾಡಿಗೆಗೆ ಬಿಡುತ್ತಾರೆ. ಗುತ್ತಿಗೆ ಹಿಡಿದವರು ಆ ಬೀದಿಯಲ್ಲಿ ವಾಸ ಇರುವುದೇ ಇಲ್ಲ.

ಹಾಗಾಗಿ ನೀವು ಪ್ರವಾಸಿಗರ ಹತ್ತಿರ ಹೋಗಬೇಡಿ. ನಿಮ್ಮ ಬಂಜಾರಿನ ಕೆಲಿಯಾನ್ ಹತ್ತಿರ ಹೋಗಿ. (ಬಂಜಾರ್ ಅಂದರೆ ಬಾಲಿಯ ಕೇರಿಕೂಟ, ಕೆಲಿಯಾನ್ ಅದರ ಯಜಮಾನರು. ಈ ಪುಟದ ಹಳೆಯ ಓದುಗರಿಗೆ ಗೊತ್ತು.) ಹೆಂಡತಿಯನ್ನೂ ಕರೆದುಕೊಂಡು ಹೋಗಿ. 'ನಮ್ಮ ದೇಶದವರ ಪರವಾಗಿ ಕ್ಷಮೆ ಕೇಳಲು ಬಂದೆ' ಎಂದು ಮಾತ್ರ ಶುರು ಮಾಡಬೇಡಿ. 'ಮಗಳಿಗೆ ಬೆಳಿಗ್ಗೆ ಶಾಲೆ ಇದೆ, ರಾತ್ರಿ ನಿದ್ದೆ ಇಲ್ಲ, ಏನು ಮಾಡೋಣ?' ಎಂದು ಕೇಳಿ. ಹಾಗೆ ಕೇಳಿದ ಗಳಿಗೆಯಲ್ಲಿ ನೀವು ಗಲಾಟೆ ಮಾಡುವವರ ಕಡೆಯಿಂದ ನಿದ್ದೆಗೆಟ್ಟವರ ಕಡೆಗೆ ಬಂದಿರುತ್ತೀರಿ. ಅದೇ ನಿಜ ಕೂಡ ಅಲ್ವಾ? ಚೌಕಳಿ ಬಟ್ಟೆ ಉಟ್ಟ ಪೆಚಲಾಂಗ್‌ಗಳು (ಊರ ಕಾವಲುಗಾರರು) ಹೋಗಿ ವಿಲ್ಲಾ ಗೇಟು ತಟ್ಟಿದರೆ ಆಗುವ ಕೆಲಸ ನೀವು ತಟ್ಟಿದರೆ ಆಗದು. ಕುಡಿದ ಹುಡುಗರ ಮುಂದೆ ಲುಂಗಿಯಲ್ಲಿ ನಿಂತು ದೇಶದ ಮರ್ಯಾದೆಯ ಪಾಠ ಮಾಡಿದರೆ ಅವರು ಅದನ್ನೂ ವಿಡಿಯೋ ಮಾಡುತ್ತಾರೆ.

ಮಾಲೀಕರ ಹತ್ತಿರ ಮಾತಾಡಲು ಹೋಗುವಾಗ ಕೆಲಿಯಾನ್ ಕಡೆಯಿಂದ ಒಂದು ಮಾತು ಹೇಳಿಸಿ. ಬಾಲಿಯಲ್ಲಿ ವರ್ಷದ ಬಾಡಿಗೆ ಮುಂಗಡವಾಗಿ ಕೊಡುವ ರೂಢಿ. ಇಷ್ಟು ವರ್ಷ ತಪ್ಪದೆ ಕೊಟ್ಟಿದ್ದೀರಿ ಎಂಬುದು ಅವರಿಗೆ ನೆನಪಿರಲೇಬೇಕು. ಸಿಟ್ಟಿನಲ್ಲಿ ಹೇಳಿದ ಮಾತು ಅದು, ಒಂದು ತಿಂಗಳು ಬಿಟ್ಟು ಮತ್ತೆ ಕೇಳಿ.

ಈಗ ಮಲೇಷ್ಯಾ. ಇದು ನಡೆಯುವ ಆಟವಲ್ಲ. ಮಲೇಷ್ಯಾದವನು ಅಂದಮೇಲೆ ಮಲಯ್ ಬರಬೇಕು. ಅದು ಇಂಡೋನೇಷ್ಯಾ ಭಾಷೆಗೆ ತೀರಾ ಹತ್ತಿರದ ನುಡಿ, ಎರಡನೇ ವಾಕ್ಯಕ್ಕೇ ಸಿಕ್ಕಿಬೀಳುತ್ತೀರಿ. ಮಾಲೀಕರ ಹತ್ತಿರ ನಿಮ್ಮ ಪಾಸ್‌ಪೋರ್ಟ್ ಪ್ರತಿ ಇರುತ್ತದೆ. ಬೀದಿ ಸಣ್ಣದು. 'ಇಂಡಿಯಾದವರು ಗಲಾಟೆ' ಅನ್ನುತ್ತಿದ್ದವರು ನಾಳೆ 'ಗಲಾಟೆ, ಅದರ ಮೇಲೆ ಸುಳ್ಳು ಬೇರೆ' ಅನ್ನುತ್ತಾರೆ. ಮಗಳು ಕೇಳಿದ್ದು ಸರಿಯಾಗಿಯೇ ಇದೆ. ಅವಳಿಗೆ ಉತ್ತರ ಕೊಡಿ, ಮಾತು ತೇಲಿಸಬೇಡಿ.

ನಿಮ್ಮ ಸಂಕಟ ನನಗೆ ಗೊತ್ತಿಲ್ಲದ್ದಲ್ಲ. 2019ರ ಜುಲೈನಲ್ಲಿ ಬಾಲಿಯ ಒಂದು ಹೋಟೆಲಿನ ವಿಡಿಯೋ ಹರಿದಾಡಿತ್ತು, ನೆನಪಿರಬಹುದು. ಭಾರತದ ಒಂದು ಕುಟುಂಬದ ಸೂಟ್‌ಕೇಸುಗಳನ್ನು ಸಿಬ್ಬಂದಿ ಬಿಚ್ಚುತ್ತಾರೆ. ಒಳಗಿಂದ ಹೇರ್ ಡ್ರೈಯರ್, ಹ್ಯಾಂಗರ್, ಹೀಗೆ ರೂಮಿನ ಸಾಮಾನು ಒಂದೊಂದಾಗಿ ಬರುತ್ತವೆ. ದುಡ್ಡು ಕೊಡುತ್ತೇವೆ ಬಿಡಿ ಎಂದು ಕುಟುಂಬ ಅಂಗಲಾಚುತ್ತದೆ. ಅದು ನಮ್ಮ ಹೋಟೆಲಲ್ಲ. ಆದರೂ ಮರುದಿನ ನಾನು ಡ್ಯೂಟಿಗೆ ಹೋದಾಗ ಸಿಬ್ಬಂದಿ ಕ್ಯಾಂಟೀನಿನಲ್ಲಿ ಒಂದು ಫೋನಿನ ಸುತ್ತ ಇದ್ದವರು ನನ್ನನ್ನು ನೋಡಿ ಚದುರಿದರು. ಹೊಸದಾಗಿ ಸೇರಿದ್ದ ರೂಮ್ ಬಾಯ್ ಮಾತ್ರ ಪಾಪ, ಮುಗ್ಧವಾಗಿ ಕೇಳಿಯೇಬಿಟ್ಟ: 'ಬೂ (ಅಂದರೆ ಮೇಡಂ), ನಿಮ್ಮ ಊರಲ್ಲಿ ಹ್ಯಾಂಗರ್ ಸಿಗುವುದಿಲ್ಲವಾ?' ಹೌಸ್‌ಕೀಪಿಂಗ್ ಮೇಲ್ವಿಚಾರಕಿ ಅವನನ್ನು ಗದರಿದರು. 'ಇವರು ಹಾಗಲ್ಲ, ಇವರು ಬೇರೆ' ಅಂದರು.

ಆ 'ಇವರು ಬೇರೆ' ಇದೆಯಲ್ಲ, ಅದು ಅರ್ಧ ದಿನ ಹಿತವಾಗಿತ್ತು. ಸಂಜೆ ಹೊತ್ತಿಗೆ ಚುಚ್ಚತೊಡಗಿತು. ನಾನೊಬ್ಬಳು ಪಾಸು, ಮಿಕ್ಕವರೆಲ್ಲ ನಪಾಸು ಎಂದಾಯಿತಲ್ಲ! ಪರದೇಶದಲ್ಲಿರುವ ನಮ್ಮ ಎಷ್ಟೋ ಜನ ಈ ಸರ್ಟಿಫಿಕೇಟಿಗಾಗಿ ಒದ್ದಾಡುತ್ತಾರೆ. ಪ್ರವಾಸಿಗರನ್ನು ಕಂಡರೆ ಸ್ಥಳೀಯರಿಗಿಂತ ಜೋರಾಗಿ ಬೈಯುತ್ತಾರೆ. ಭಾರತದ ಗುಂಪು ಹೋಟೆಲಿಗೆ ಬಂದರೆ ಮೇಜು ಬದಲಾಯಿಸಿ ಕೂರುತ್ತಾರೆ. ನನಗೆ ಆ ಜಾತಿಯ ವಾಸಿಗಳ ಮೇಲೆ ಪ್ರವಾಸಿಗರ ಮೇಲಿನಷ್ಟೇ ಸಿಟ್ಟು. ಅವರಲ್ಲೇ ಕೆಲವರು ಪ್ರವಾಸಿ ವೀಸಾದಲ್ಲಿ ಬಂದು ಕೆಲಸ ಮಾಡುವವರು, ಹೆಲ್ಮೆಟ್ ಇಲ್ಲದೆ ಸ್ಕೂಟರ್ ಓಡಿಸುವವರು. ಊರಿನವರ ಕಣ್ಣಿಗೆ ಮೂರು ದಿನಕ್ಕೆ ಬಂದವನೂ ಮೂರು ವರ್ಷದಿಂದ ಇರುವವನೂ ಹೊರಗಿನವನೇ.

ಒಂದು ಗುಟ್ಟು ಹೇಳುತ್ತೇನೆ. ಫ್ರಂಟ್ ಆಫೀಸಿನಲ್ಲಿ ಒಂದು ಲಾಗ್ ಬುಕ್ ಇರುತ್ತದೆ. ರಾತ್ರಿ ಪಾಳಿಯವರು ಬೆಳಗಿನ ಪಾಳಿಯವರಿಗೆ ಬರೆದಿಡುವ ಪುಸ್ತಕ. ಅದರಲ್ಲಿ ನಾವು ಬರೆಯುತ್ತಿದ್ದುದು ತಂಟೆಗಳನ್ನು ಮಾತ್ರ. ಇಂಥ ರೂಮು, ಇಂಥ ದೇಶ, ಗಾಜು ಒಡೆದರು. ಇಂಥ ರೂಮು, ಇಂಥ ದೇಶ, ಇಬ್ಬರ ರೂಮಿನಲ್ಲಿ ಐದು ಜನ. ಚೆನ್ನಾಗಿ ಇದ್ದು, ಹಾಸಿಗೆ ಸರಿಮಾಡಿ, ಥ್ಯಾಂಕ್ಸ್ ಹೇಳಿ ಹೋದವರ ಬಗ್ಗೆ ಒಂದು ಸಾಲೂ ಇಲ್ಲ. ಬಾತ್‌ರೋಬ್ ಮಾತ್ರ ಎಲ್ಲ ಬಣ್ಣದ ಪಾಸ್‌ಪೋರ್ಟಿನವರ ಪೆಟ್ಟಿಗೆಗೂ ಸೇರುತ್ತಿತ್ತು. ನಾವು ಸದ್ದಿಲ್ಲದೆ ಬಿಲ್ಲಿಗೆ ಸೇರಿಸುತ್ತಿದ್ದೆವು, ಅವರು ಸದ್ದಿಲ್ಲದೆ ಕಟ್ಟುತ್ತಿದ್ದರು. ಆ 2019ರ ಕುಟುಂಬದ್ದು ಕಳ್ಳತನವೇ, ಅದಕ್ಕೆ ಬೇರೆ ಹೆಸರಿಲ್ಲ. ಆದರೆ ಅವರಿಗೆ ಆದದ್ದು ಬಿಲ್ಲಲ್ಲ, ಮೆರವಣಿಗೆ. ಮತ್ತು ಆ ಮೆರವಣಿಗೆಯಲ್ಲಿ ನಿಮ್ಮನ್ನೂ ನನ್ನನ್ನೂ ಸೇರಿಸಿ ನಡೆಸಿದರು.

ಇದು ನಮಗೊಬ್ಬರಿಗೇ ಆದದ್ದಲ್ಲ. ನಿಮ್ಮದೇ ಬಾಲಿಯಲ್ಲಿ ರಷ್ಯಾದವರ ಕಥೆ ನೋಡಿ. 2022ರಲ್ಲಿ ಯುದ್ಧ ಶುರುವಾದ ಮೇಲೆ ರಷ್ಯಾ, ಉಕ್ರೇನ್ ಎರಡೂ ಕಡೆಯಿಂದ ಜನ ಬಂದು ಚಂಗೂ ಸುತ್ತಮುತ್ತ ನೆಲೆಸಿದರು. ಕೆಲವರು ನಂಬರ್ ಪ್ಲೇಟ್ ಇಲ್ಲದ ಸ್ಕೂಟರ್ ಓಡಿಸಿದರು, ಕೆಲವರು ಪ್ರವಾಸಿ ವೀಸಾದಲ್ಲೇ ಕೂದಲು ಕತ್ತರಿಸುವ, ಫೋಟೋ ತೆಗೆಯುವ ಕೆಲಸಕ್ಕೆ ಇಳಿದರು. 2023ರ ಮಾರ್ಚ್‌ನಲ್ಲಿ ಗವರ್ನರ್ ವಯಾನ್ ಕೋಸ್ಟರ್ ಈ ಎರಡೂ ದೇಶದವರಿಗೆ ಬಂದಿಳಿದಾಗ ವೀಸಾ ಕೊಡುವುದನ್ನು ನಿಲ್ಲಿಸಿ ಎಂದು ಜಕಾರ್ತಾಕ್ಕೆ ಕೇಳಿಕೊಂಡರು. ಯೋಚನೆ ಮಾಡಿ. ಬಾಂಬಿಗೆ ಹೆದರಿ ಓಡಿಬಂದವರು, ಬಾಂಬು ಹಾಕಿದ ದೇಶದವರು, ಇಬ್ಬರನ್ನೂ ಒಂದೇ ಪಟ್ಟಿಯಲ್ಲಿ ಬರೆದಾಯಿತು. ಅಲ್ಲಿ ವರ್ಷಗಳಿಂದ ಸಭ್ಯವಾಗಿ ಇದ್ದ ರಷ್ಯನ್ನರು ಆಗ ಏನು ಅನುಭವಿಸಿದರೋ ಅದನ್ನೇ ನೀವೀಗ ಅನುಭವಿಸುತ್ತಿದ್ದೀರಿ.

ನಮ್ಮ ವಿಷಯದಲ್ಲಿ ಇನ್ನೊಂದು ಅಂಶವೂ ಇದೆ. ಆಸ್ಟ್ರೇಲಿಯಾದವರನ್ನು ಬಿಟ್ಟರೆ ಬಾಲಿಗೆ ಹೆಚ್ಚು ಬರುತ್ತಿರುವ ಹೊರದೇಶದವರು ನಾವೇ. 2024ರಿಂದ ಬೆಂಗಳೂರಿನಿಂದ ನೇರ ವಿಮಾನವೂ ಇದೆ. ಜನ ಜಾಸ್ತಿಯಾದಷ್ಟೂ ಲಾಗ್ ಬುಕ್ಕಿನ ಸಾಲುಗಳು ಜಾಸ್ತಿ. ನೀವು ಎಷ್ಟೇ ಒಳ್ಳೆಯವರಾಗಿದ್ದರೂ ಆ ಹೊಳೆಗೆ ಅಡ್ಡ ನಿಲ್ಲಲಾರಿರಿ. ಆ ಕೆಲಸ ನಿಮ್ಮದಲ್ಲ. ರಾಯಭಾರಿಗೆ ಸರ್ಕಾರ ಸಂಬಳ ಕೊಡುತ್ತದೆ, ನಿಮಗೆ ಕೊಡುವುದು ರೆಸ್ಟೊರೆಂಟು.

ನಿಮ್ಮ ಕೈಯಲ್ಲಿರುವುದು ನಿಮ್ಮ ಬೀದಿ. ಬಂಜಾರಿನ ತಿಂಗಳ ವಂತಿಗೆ ಕೇಳುವ ಮೊದಲೇ ಕೊಡಿ. ನ್ಯೆಪಿ ಹಬ್ಬದ ಹಿಂದಿನ ಸಂಜೆಯ ಓಗೊ-ಓಗೊ ಮೆರವಣಿಗೆಗೆ ಬೀದಿಯ ಹುಡುಗರು ತಿಂಗಳುಗಟ್ಟಲೆ ಕೂತು ರಾಕ್ಷಸನ ಬೊಂಬೆ ಕಟ್ಟುತ್ತಾರೆ. ಅವರಿಗೆ ಚಂದಾ ಕೊಡಿ, ಒಂದು ರಾತ್ರಿ ದೊಡ್ಡ ಪಾತ್ರೆಯಲ್ಲಿ ಚಿತ್ರಾನ್ನ ಕಲಸಿ ಕಳಿಸಿ. ನೀವು ಅಡುಗೆಯವರು, ಇದು ನಿಮಗೆ ನೀರು ಕುಡಿದಷ್ಟು ಸುಲಭ. ಪಕ್ಕದ ಮನೆಯಲ್ಲಿ ಸಾವಾದರೆ ಹೋಗಿ ಕೂತು ಬನ್ನಿ. ನ್ಯೆಪಿ ಅಂದರೆ ಶಕ ವರ್ಷದ ಮೊದಲ ದಿನ, ನಮ್ಮ ಯುಗಾದಿಯ ಲೆಕ್ಕವೇ. 2023ರಲ್ಲಂತೂ ಎರಡೂ ಮಾರ್ಚ್ 22ಕ್ಕೇ ಬಿದ್ದವು, ಇಲ್ಲಿಯೂ ಅಲ್ಲಿಯೂ ಶಕ 1945. ನಾವು ಹೋಳಿಗೆ ತಿನ್ನುವ ದಿನ ಅವರು ದೀಪ ಹಚ್ಚದೆ, ಒಲೆ ಹಚ್ಚದೆ, ಬೀದಿಗಿಳಿಯದೆ ಇರುತ್ತಾರೆ. ವಿಮಾನ ನಿಲ್ದಾಣವೂ ಬಂದ್. ಅಂಥ ದಿನ ನಿಮ್ಮ ಮನೆಯ ಕಿಟಕಿಯಲ್ಲೂ ಬೆಳಕಿಲ್ಲ ಎಂಬುದನ್ನು ಪೆಚಲಾಂಗ್ ಗಮನಿಸಿಯೇ ಗಮನಿಸುತ್ತಾನೆ.

ರೆಸ್ಟೊರೆಂಟಿನಲ್ಲಿ ಮಾತ್ರ ನೀವು ಬಾಯಿ ಬಿಡಬಹುದು, ಬಿಡಬೇಕು. ನಮ್ಮವರು ಯಾರಾದರೂ ಬಡಿಸುವ ಹುಡುಗಿಗೆ ಚಿಟಿಕೆ ಹೊಡೆದು ಕರೆದರೆ ಅಡುಗೆಮನೆಯಿಂದ ಹೊರಗೆ ಬನ್ನಿ. ಮೇಜಿನ ಹತ್ತಿರ ಬಗ್ಗಿ, ಕನ್ನಡವೋ ಹಿಂದಿಯೋ, ಅವರ ಭಾಷೆಯಲ್ಲೇ ಮೆಲ್ಲಗೆ, 'ಆ ಹುಡುಗಿಯ ಹೆಸರು ಕೆಟುಟ್, ಹೆಸರು ಹಿಡಿದು ಕರೆಯಿರಿ' ಅನ್ನಿ. ನಾಲ್ಕು ಜನರ ಮುಂದೆ ಅವಮಾನ ಮಾಡಿದರೆ ಅವರು ಬಿಗಿಯುತ್ತಾರೆ. ಊಟ ಹಾಕಿದವನು ಕಿವಿಯಲ್ಲಿ ಹೇಳಿದರೆ ಸಾಮಾನ್ಯವಾಗಿ ಕೇಳುತ್ತಾರೆ.

ಪ್ರಶ್ನೆ: ಹಿಂದಿನ ಸಂಚಿಕೆಯೊಂದರಲ್ಲಿ ಹೋಟೆಲ್ ಬಫೆಯಿಂದ ಬಾಳೆಹಣ್ಣು, ಬ್ರೆಡ್ಡು ಚೀಲಕ್ಕೆ ತುಂಬಿಕೊಳ್ಳುವ ಭಾರತೀಯರನ್ನು ಗೇಲಿ ಮಾಡಿದಿರಿ. ನಿಮಗೆ ಯಾವಾಗಲೂ ನಮ್ಮವರೇ ಸಿಗುವುದೇ? ಬಿಳಿಯರು ದೇವರ ಮರದ ಮೇಲೆ ಬೆತ್ತಲೆ ನಿಂತರೂ ಅವರನ್ನು ಯಾರೂ ಏನೂ ಅನ್ನುವುದಿಲ್ಲ. ಇದು ದಾಸ್ಯದ ಬುದ್ಧಿ. — ಬಸವನಗುಡಿ, ಬೆಂಗಳೂರು

ಉತ್ತರ: ಅನ್ನುತ್ತಾರೆ ಸ್ವಾಮಿ. ನೀವು ಹೇಳುತ್ತಿರುವ ಮರ ತಬನಾನ್ ಜಿಲ್ಲೆಯ ದೇವಸ್ಥಾನದ್ದು, 700 ವರ್ಷದ್ದೆಂದು ಹೇಳುತ್ತಾರೆ. 2022ರಲ್ಲಿ ರಷ್ಯಾದ ಒಬ್ಬ ಹೆಂಗಸು ಅದರ ಬುಡದಲ್ಲಿ ಬೆತ್ತಲೆ ಫೋಟೋ ತೆಗೆಸಿಕೊಂಡರು. ಕ್ಷಮೆ ಕೇಳಿದರೂ ಗಂಡನ ಸಮೇತ ದೇಶದಿಂದ ಹೊರಗೆ ಕಳಿಸಿದರು. 2023ರ ಮಾರ್ಚ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರ ಸಭೆ 'ದೂರ ಇರಿ' ಎಂದೇ ಜಾಹೀರಾತು ಕೊಟ್ಟಿತು. ಯಾರಿಗೆ ಗೊತ್ತೇ? 18ರಿಂದ 35 ವಯಸ್ಸಿನ ಬ್ರಿಟಿಷ್ ಗಂಡಸರಿಗೆ. ಮದುವೆಗೆ ಮುಂಚಿನ ಕುಡಿತದ ಪಾರ್ಟಿಗೆಂದು ಆ ಊರನ್ನು ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಾಕು, ಪೊಲೀಸರು ಕೈಕೋಳ ಹಾಕುವ ದೃಶ್ಯ ಎದುರಿಗೆ ಬರುತ್ತಿತ್ತು. ಆ ಊರಲ್ಲಿ ಕೆಲಸ ಮಾಡುತ್ತಿರುವ ಲಂಡನ್ನಿನ ಹುಡುಗನಿಗೂ ಸಾಗರದ ನಮ್ಮ ಅಡುಗೆಯವರಿಗೂ ಆಗ ಹೆಚ್ಚು ವ್ಯತ್ಯಾಸ ಇರಲಿಲ್ಲ.

ಆದರೂ ನಿಮ್ಮ ಮಾತಿನಲ್ಲಿ ಹುರುಳಿದೆ. ಕುಡಿದು ಬಿದ್ದ ಬಿಳಿಯನಿಗೆ 'ಇವನೊಬ್ಬ ಹೀಗೆ' ಎಂಬ ರಿಯಾಯಿತಿ ಬೇಗ ಸಿಗುತ್ತದೆ. ನಮಗೆ ಸಿಗುವುದು 'ನೀವೆಲ್ಲ ಹೀಗೆ'. 2019ರ ಅದೇ ಜುಲೈನಲ್ಲಿ ಸ್ವಿಟ್ಜರ್ಲೆಂಡಿನ ಗ್‌ಸ್ಟಾಡ್ ಊರಿನ ಒಂದು ಹೋಟೆಲಿನ ಸೂಚನಾ ಫಲಕ ದೊಡ್ಡ ಸುದ್ದಿಯಾಯಿತು. 'ಭಾರತದಿಂದ ಬಂದ ಅತಿಥಿಗಳಿಗೆ' ಎಂದೇ ತಲೆಬರಹ. ಬಫೆಯ ತಿಂಡಿ ಕಟ್ಟಿಕೊಂಡು ಹೋಗಬೇಡಿ, ಬಾಲ್ಕನಿಯಲ್ಲಿ ಜೋರಾಗಿ ಮಾತಾಡಬೇಡಿ, ಹೀಗೆ. ಕೈಗಾರಿಕೋದ್ಯಮಿ ಹರ್ಷ್ ಗೋಯೆಂಕಾ ಅದರ ಫೋಟೋ ಹಂಚಿಕೊಂಡಿದ್ದರು. ಆ ಹೋಟೆಲ್ ಮಾಡಿದ್ದು ತಪ್ಪು ಎಂಬುದೇ ನನ್ನ ಅಭಿಪ್ರಾಯ. ನಿಯಮ ಸರಿ, ತಲೆಬರಹ ತಪ್ಪು. ಬಫೆಯ ನಿಯಮ ಎಲ್ಲರಿಗೂ ಒಂದೇ ಆಗಿದ್ದರೆ ಎಲ್ಲರಿಗೂ ಸೇರಿಸಿ ಬರೆಯಬೇಕು. ನಾವು ಸನೂರ್‌ನಲ್ಲಿ ಮಾಡಿದ್ದು ಅಷ್ಟೇ. ಬಫೆ ಬಾಗಿಲಲ್ಲಿ 'ಪ್ಯಾಕ್ ಮಾಡಿದ ತಿಂಡಿ ಬೇಕಾದರೆ ಕೇಳಿ, ಇಷ್ಟು ರೂಪಿಯಾ' ಎಂದು ಒಂದು ಬೋರ್ಡು. ಬಾಳೆಹಣ್ಣಿನ ಕಾಟ ಅರ್ಧಕ್ಕರ್ಧ ಇಳಿಯಿತು. ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನ ಸಸ್ಯಾಹಾರ ಎಲ್ಲಿ ಸಿಗುತ್ತದೋ ಎಂಬ ದಿಗಿಲಿಗೆ ಎಷ್ಟೋ ಜನ ಹಾಗೆ ಮಾಡುತ್ತಿದ್ದರು, ಕದಿಯುವ ಚಟಕ್ಕಲ್ಲ.

ನಮ್ಮವರ ಬಗ್ಗೆ ಬರೆಯುವುದು ಯಾಕೆಂದರೆ ಈ ಪತ್ರಿಕೆ ಓದುವವರು ಕನ್ನಡಿಗರು. ಮಾಸ್ಕೋದಲ್ಲಿ ಇದನ್ನು ಯಾರೂ ತರಿಸುವುದಿಲ್ಲ.

ಪ್ರಶ್ನೆ: ಅಕ್ಕಾ, ನಾವು ಗದಗಿನ ಕಡೆಯವರು. ಅಪ್ಪ ಕೂಲಿಗೆ ಬಂದು ಗೋವಾದ ವಾಸ್ಕೋದಲ್ಲಿ ನೆಲೆ ನಿಂತರು, ನಾನು ಇಲ್ಲೇ ಹುಟ್ಟಿದವಳು, ಕೊಂಕಣಿ ನೀರಿನಂತೆ ಮಾತಾಡುತ್ತೇನೆ. ಶನಿವಾರ ಬಂದರೆ ಕೆಎ ನಂಬರಿನ ಗಾಡಿಗಳು. ರಸ್ತೆ ಬದಿ ಗ್ಯಾಸ್ ಒಲೆ ಹಚ್ಚಿ ಅಡುಗೆ, ಬೀಚಿನಲ್ಲಿ ಬಾಟಲಿ ಒಡೆಯುವುದು. ಸೋಮವಾರ ನನ್ನ ಆಫೀಸಿನಲ್ಲಿ 'ನಿಮ್ಮ ಘಾಟಿಗಳು' (ಘಟ್ಟದ ಆಚೆಯವರು ಎಂಬ ಹೀಯಾಳಿಕೆ) ಎಂದು ಶುರು. ಪರದೇಶವಲ್ಲ ಇದು, ಆದರೂ ನಿಮ್ಮ ಪುಟಕ್ಕೆ ಬರೆಯಬೇಕೆನಿಸಿತು.

ಉತ್ತರ: ಬರೆದದ್ದು ಒಳ್ಳೆಯದಾಯಿತು ತಂಗಿ. ಕುಟಾಕ್ಕಿಂತ ವಾಸ್ಕೋದ ಬೇನೆ ಹಳೆಯದು. ಬಾಲಿಯವರು ನಮ್ಮನ್ನು ಬೈಯುವುದು ಗಲಾಟೆಗೆ. ಗೋವಾದಲ್ಲಿ ಕಟ್ಟಡ ಕಟ್ಟಿದ, ಮೀನು ಹೊತ್ತ, ರಸ್ತೆ ಹಾಕಿದ ಕನ್ನಡಿಗರನ್ನು ಪ್ರವಾಸಿಗರು ಬರುವ ಮೊದಲೇ ಆ ಮಾತಿನಲ್ಲಿ ಕರೆಯುತ್ತಿದ್ದರು. ವಾರಾಂತ್ಯದ ಗಾಡಿಗಳು ಹೊಸ ನೆಪ ಕೊಟ್ಟವು, ಅಷ್ಟೇ. ಆಫೀಸಿನಲ್ಲಿ ಹಾಗೆ ಕರೆದವರಿಗೆ ಕೊಂಕಣಿಯಲ್ಲೇ 'ನಾನು ಇಲ್ಲಿಯವಳು, ಆ ಮಾತು ನನ್ನ ಮುಂದೆ ಬೇಡ' ಎಂದು ಒಮ್ಮೆ ಗಟ್ಟಿಯಾಗಿ ಹೇಳಿ. ನಗುತ್ತಾ ಹೇಳಬೇಡಿ. ನಕ್ಕರೆ ಮುಂದಿನ ಸೋಮವಾರವೂ ಇದ್ದೇ ಇರುತ್ತದೆ.

ಅಡುಗೆಯ ವಿಷಯ: 2022ರ ಅಕ್ಟೋಬರ್ ಕೊನೆಯಲ್ಲಿ ಗೋವಾ ಪ್ರವಾಸೋದ್ಯಮ ಇಲಾಖೆ ಆದೇಶ ಹೊರಡಿಸಿದೆ. ಪ್ರವಾಸಿ ತಾಣಗಳಲ್ಲಿ ಬಯಲಲ್ಲಿ ಅಡುಗೆ ಮಾಡುವಂತಿಲ್ಲ, ಬಾಟಲಿ ಒಡೆಯುವಂತಿಲ್ಲ. ದಂಡ 5,000 ರೂಪಾಯಿಯಿಂದ 50,000ದವರೆಗೆ. ಊರಿಂದ ನೆಂಟರು ಟೆಂಪೋ ಟ್ರಾವೆಲರ್ ಮಾಡಿಕೊಂಡು ಬರುತ್ತೇವೆ ಅಂದರೆ ಈ ಅಂಕಿಯನ್ನೇ ಮೊದಲು ಹೇಳಿ. ಸಭ್ಯತೆಗಿಂತ ಐವತ್ತು ಸಾವಿರ ಬೇಗ ಅರ್ಥವಾಗುತ್ತದೆ.

ಆದರೆ ನನಗೆ ಆ ಗಾಡಿಯವರೆಲ್ಲರ ಮೇಲೂ ಒಂದೇ ಸಿಟ್ಟಿಲ್ಲ. ಬಾಟಲಿ ಒಡೆಯುವವರು ಬೇರೆ. ವರ್ಷಕ್ಕೊಮ್ಮೆ ಸಮುದ್ರ ನೋಡಲು ಮಕ್ಕಳುಮರಿ ಕಟ್ಟಿಕೊಂಡು ಬಂದು, ಹೋಟೆಲಿನ ಊಟದ ರೇಟು ನೋಡಿ ಎದೆ ಒಡೆದುಕೊಂಡು ಅನ್ನಕ್ಕಿಟ್ಟವರು ಬೇರೆ. ಅವರಿಗೊಂದು ಜಾಗ, ನೀರು, ಕಸದ ಬುಟ್ಟಿ ಮಾಡಿಕೊಟ್ಟರೆ ಅರ್ಧ ತಂಟೆ ಇರುವುದಿಲ್ಲ. ಬಂಗಲೆ ಬಾಡಿಗೆಗೆ ಹಿಡಿದು ರಾತ್ರಿಯಿಡೀ ಕುಣಿಯುವವರ ಕಸ ಕಾಂಪೌಂಡಿನ ಒಳಗಿರುತ್ತದೆ, ಹಾಗಾಗಿ ಯಾರಿಗೂ ಕಾಣುವುದಿಲ್ಲ. ಅವರ ಗಾಡಿಯ ನಂಬರನ್ನೂ ಯಾರೂ ಫೋಟೋ ತೆಗೆಯುವುದಿಲ್ಲ.

ಗೋವಾದವರಿಗೆ ಕೋಪ ಬರುವುದು ಸಹಜ ಎಂಬುದನ್ನೂ ಒಪ್ಪಿಕೊಳ್ಳೋಣ. 2019ರ ಆರಂಭದಲ್ಲಿ ಹಂಪಿಯಲ್ಲಿ ಕೆಲವು ಯುವಕರು ಕಲ್ಲುಕಂಬ ಉರುಳಿಸಿದ ವಿಡಿಯೋ ಬಂದಾಗ ನಮಗೆ ರಕ್ತ ಕುದಿಯಲಿಲ್ಲವೇ? ಹೊಸಪೇಟೆಯ ನ್ಯಾಯಾಲಯ ಅವರಿಗೆ ತಲಾ 70,000 ರೂಪಾಯಿ ದಂಡ ಹಾಕಿತು, ಬೀಳಿಸಿದ ಕಂಬವನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸಲಾಯಿತು. ಆ ಶಿಕ್ಷೆ ನನಗೆ ಬಹಳ ಹಿಡಿಸಿತು. ಅವರು ಬೇರೆ ರಾಜ್ಯದವರು. ಆ ವಾರ ಹೊಸಪೇಟೆಯಲ್ಲಿ ದುಡಿಯುತ್ತಿದ್ದ ಉತ್ತರದ ಕೂಲಿಯವರಿಗೂ ಯಾರಾದರೂ ಒಂದು ಮಾತು ಅಂದಿರಬಹುದು.

ಪ್ರಶ್ನೆ: ನಾವು ಏಳು ಜನ ಫ್ರೆಂಡ್ಸ್ ಪಟ್ಟಾಯಕ್ಕೆ ಹೊರಟಿದ್ದೇವೆ. ಮನೆಯಲ್ಲಿ 'ಬ್ಯಾಂಕಾಕ್ ದೇವಸ್ಥಾನ' ಎಂದಿದ್ದೇವೆ. ಎಂಜಾಯ್ ಮಾಡುವುದೇ ತಪ್ಪು ಎಂಬಂತೆ ಎಲ್ಲರೂ ಉಪದೇಶ ಮಾಡುತ್ತಾರೆ. ನೀವೂ ಮಾಡುತ್ತೀರಾ? — ದಾವಣಗೆರೆ

ಉತ್ತರ: ಇಲ್ಲಪ್ಪ. ಬ್ಯಾಂಕಾಕಿನಲ್ಲಿ ದೇವಸ್ಥಾನಗಳಿವೆ, ಒಂದಕ್ಕಾದರೂ ಹೋಗಿ ಬನ್ನಿ, ಹೇಳಿದ್ದು ಪೂರ್ತಿ ಸುಳ್ಳಾಗದು.

ನಾಲ್ಕು ವಿಷಯ ಮಾತ್ರ. ಅಲ್ಲಿ ಇ-ಸಿಗರೇಟು ಕಾನೂನುಬಾಹಿರ, ಜೇಬಿನಲ್ಲಿಟ್ಟುಕೊಂಡು ಹೋಗಬೇಡಿ. ರಾಜಮನೆತನದ ಬಗ್ಗೆ ತಮಾಷೆಗೂ ಕೆಟ್ಟ ಮಾತಾಡಬೇಡಿ. ಒಂದೊಂದು ಮಾತಿಗೂ 3ರಿಂದ 15 ವರ್ಷ ಜೈಲು. ನೋಟಿನ ಮೇಲೂ ರಾಜರ ಚಿತ್ರ ಇದೆ, ಹಾರಿಹೋದ ನೋಟನ್ನು ಕಾಲಲ್ಲಿ ಒತ್ತಿ ಹಿಡಿಯಬೇಡಿ. ಕೆಲಸದಲ್ಲಿರುವ ಹೆಣ್ಣುಮಕ್ಕಳ ವಿಡಿಯೋ ತೆಗೆಯಬೇಡಿ. ಮತ್ತೆ, ರೇಟು ಕೇಳಿ, ಚೌಕಾಶಿ ಮಾಡಿ, ಒಪ್ಪಿಕೊಂಡ ಮೇಲೆ ಕಡಿಮೆ ಕೊಡಲು ಜಗಳ ತೆಗೆಯಬೇಡಿ. ಪಟ್ಟಾಯದ ರಾತ್ರಿ ಜಗಳಗಳು ಹತ್ತಿಕೊಳ್ಳುವುದು ಸಾಮಾನ್ಯವಾಗಿ ದುಡ್ಡಿನ ಮಾತಿನಿಂದಲೇ. ಏಳು ಜನರಲ್ಲಿ ಒಬ್ಬನಾದರೂ ಕುಡಿಯದೆ ಇರಲಿ, ದಿನಕ್ಕೊಬ್ಬರಂತೆ ಪಾಳಿ ಹಾಕಿಕೊಳ್ಳಿ. ಪಾಸ್‌ಪೋರ್ಟುಗಳೆಲ್ಲ ಅವನ ಹತ್ತಿರ.

ಪ್ರಶ್ನೆ: ನಾವು ಗಂಡಹೆಂಡಿರು ಇಬ್ಬರೂ ರಿಟೈರ್ಡ್ ಮೇಷ್ಟ್ರುಗಳು. ಮಗ ಬಾಲಿಗೆ ಟಿಕೆಟ್ ತೆಗೆಸಿದ್ದಾನೆ. ಮೊದಲ ಸಲ ಹೊರದೇಶ. ಅಲ್ಲಿಯ ಜನ ನಮ್ಮನ್ನು ನೋಡಿ 'ಬಂದರಪ್ಪ ಇವರು' ಅನ್ನಬಾರದು. ಏನೇನು ಗಮನಿಸಬೇಕು? ಚಿಕ್ಕ ರೈಸ್ ಕುಕ್ಕರ್ ಒಯ್ದು ರೂಮಿನಲ್ಲಿ ಅನ್ನ ಮಾಡಿಕೊಳ್ಳಬಹುದೇ? ಯಜಮಾನರಿಗೆ ಹೊರಗಿನ ಊಟ ಒಗ್ಗುವುದಿಲ್ಲ. — ಶಿರಸಿ

ಉತ್ತರ: ಇಷ್ಟು ಯೋಚಿಸಿ ಹೊರಡುವವರನ್ನು ಯಾರೂ ಹಾಗೆ ಅನ್ನುವುದಿಲ್ಲ ಟೀಚರೇ. ಆದರೂ ಕೇಳಿದಿರಿ, ಹೇಳುತ್ತೇನೆ.

ಇಳಿದ ಕೂಡಲೇ ವೀಸಾಕ್ಕೆ 5 ಲಕ್ಷ ರೂಪಿಯಾ, ಅದು ಬಿಟ್ಟು ಬಾಲಿಯ ಪ್ರವಾಸಿ ಶುಲ್ಕ ಒಬ್ಬರಿಗೆ 1,50,000 ರೂಪಿಯಾ. ಅಂಕಿ ನೋಡಿ ಗಾಬರಿಯಾಗಬೇಡಿ, ಶುಲ್ಕ ನಮ್ಮ ಲೆಕ್ಕದಲ್ಲಿ ಸುಮಾರು 800 ರೂಪಾಯಿ. 2024ರ ಫೆಬ್ರವರಿಯಿಂದ ಇದೆ, ಹೊರಡುವ ಮೊದಲೇ ಮಗನ ಕೈಲಿ ಆನ್‌ಲೈನಿನಲ್ಲಿ ಕಟ್ಟಿಸಿಬಿಡಿ.

ಫುಟ್‌ಪಾತಿನ ಮೇಲೆ, ಅಂಗಡಿ ಬಾಗಿಲಲ್ಲಿ ತೆಂಗಿನ ಗರಿಯ ಪುಟ್ಟ ತಟ್ಟೆಗಳಲ್ಲಿ ಹೂವು, ಅಕ್ಕಿ, ಊದುಬತ್ತಿ ಇಟ್ಟಿರುತ್ತಾರೆ. ಚನಾಂಗ್ ಅದು, ದೇವರಿಗೆ ಇಟ್ಟದ್ದು. ನೋಡಿಕೊಂಡು ದಾಟಿ ನಡೆಯಿರಿ.

ನಮ್ಮವರು ಹೆಚ್ಚು ಎಡವುವುದು ದೇವಸ್ಥಾನದಲ್ಲಿ. 'ನಾವೂ ಹಿಂದೂಗಳೇ, ಒಳಗೆ ಯಾಕೆ ಬಿಡುವುದಿಲ್ಲ?' ಎಂದು ಬಾಗಿಲಲ್ಲಿ ವಾದ ಮಾಡುವವರನ್ನು ಬೇಸಾಕಿ ದೇವಸ್ಥಾನದಲ್ಲಿ ನೋಡಿ ನೋಡಿ ನನಗೆ ಸಾಕಾಗಿತ್ತು. ಒಳಪ್ರಾಕಾರ ಅವರ ರೀತಿಯಲ್ಲಿ ಪೂಜೆಗೆ ಬಂದವರಿಗೆ. 2025ರ ಮಾರ್ಚ್‌ನಲ್ಲಿ ಗವರ್ನರ್ ಹೊರಡಿಸಿದ ಸುತ್ತೋಲೆಯಲ್ಲೂ ಇದನ್ನು ಮತ್ತೆ ಹೇಳಿದ್ದಾರೆ. ಮೂರ್ತಿ ಎಲ್ಲಿ ಎಂದು ಹುಡುಕಲೂ ಬೇಡಿ, ಪದ್ಮಾಸನ ಎನ್ನುವ ದೇವರ ಪೀಠ ಖಾಲಿಯೇ ಇರುತ್ತದೆ. ಸೊಂಟಕ್ಕೆ ಸರೋಂಗ್, ಮೇಲೊಂದು ನಡುಪಟ್ಟಿ ಇಬ್ಬರಿಗೂ ಬೇಕು. ಯಜಮಾನರ ಪಂಚೆ ಅಲ್ಲಿ ಬಲು ಚೆನ್ನಾಗಿ ಒಪ್ಪುತ್ತದೆ, ಒಯ್ಯಿರಿ. ಒಂದು ನೀರಿನ ಬಾಟಲಿ, ಒಂದು ಬಟ್ಟೆ ಚೀಲವನ್ನೂ ಇಲ್ಲಿಂದಲೇ ಒಯ್ಯಿರಿ, ಅಲ್ಲಿ ಪ್ಲಾಸ್ಟಿಕ್ ಚೀಲ ಕೇಳಿದರೆ ಅಂಗಡಿಯವರು ಕೊಡುವುದಿಲ್ಲ.

ಹೋಟೆಲಿನಲ್ಲಿ ಯಾವುದು ಒಯ್ಯಬಹುದು ಎಂದು ಹಲವರು ಕೇಳಲು ನಾಚಿಕೊಳ್ಳುತ್ತಾರೆ. ಪುಟ್ಟ ಸೋಪು, ಶಾಂಪೂ ಪುಟ್ಟ ಬಾಟಲಿ, ಹಲ್ಲುಜ್ಜುವ ಬ್ರಷ್, ಬಾಚಣಿಗೆ, ಬಟ್ಟೆಯ ಚಪ್ಪಲಿ, ಟೀ ಪೊಟ್ಟಣ ಇವೆಲ್ಲ ನಿಮ್ಮವು. ಟವೆಲ್ಲು, ಹ್ಯಾಂಗರ್, ಗೋಡೆಗೆ ತಗುಲಿಸಿದ ಸೋಪಿನ ಡಬ್ಬಿ, ಡ್ರೈಯರ್ ನಿಮ್ಮವಲ್ಲ. ಅನುಮಾನ ಬಂದರೆ ಫ್ರಂಟ್ ಆಫೀಸಿಗೆ ಫೋನ್ ಮಾಡಿ ಕೇಳಿ. ಹಾಗೆ ಕೇಳಿದ ಅತಿಥಿಗಳಿಗೆ ನಾನು ಇನ್ನೆರಡು ಸೋಪು ಜಾಸ್ತಿಯೇ ಕಳಿಸುತ್ತಿದ್ದೆ.

ರೈಸ್ ಕುಕ್ಕರ್ ಮಾತ್ರ ಬೇಡ. ಹಬೆಗೆ ಹೊಗೆ ಅಲಾರಂ ಕೂಗಿಕೊಳ್ಳುತ್ತದೆ, ಇಡೀ ಮಹಡಿಯ ಜನ ನೈಟಿಯಲ್ಲಿ ಕೆಳಗಿಳಿಯುತ್ತಾರೆ. ಕೆಟಲಿನಲ್ಲಿ ನೂಡಲ್ಸ್ ಕುದಿಸುವುದೂ ಬೇಡ, ಅದರ ವಾಸನೆ ಮುಂದಿನ ಅತಿಥಿಯ ಕಾಫಿಗೆ ಬರುತ್ತದೆ. ಕೆಟಲಿನಲ್ಲಿ ಬರೀ ನೀರು ಕಾಯಿಸಿ, ತಟ್ಟೆಗೆ ಹಾಕಿದ ಒಣ ಅವಲಕ್ಕಿಗೆ ಸುರಿದುಕೊಳ್ಳಿ, ಯಾರ ತಕರಾರೂ ಇಲ್ಲ. ತಂದ ತಿಂಡಿಯನ್ನು ಕಸ್ಟಮ್ಸ್ ಫಾರ್ಮಿನಲ್ಲಿ ಬರೆದುಬಿಡಿ. ಅನ್ನದ ಚಿಂತೆಯೇ ಬೇಡ, ಬಾಲಿಯಲ್ಲಿ ಮೂರು ಹೊತ್ತೂ ಅನ್ನವೇ. 'ನಾಸಿ ಪುಟಿಹ್' ಅಂದರೆ ಬಿಳಿ ಅನ್ನ ತಂದಿಡುತ್ತಾರೆ. ಮಜ್ಜಿಗೆ ಸಿಗುವುದು ಕಷ್ಟ, ಅದಕ್ಕೆ ಯಜಮಾನರನ್ನು ಈಗಿನಿಂದಲೇ ತಯಾರು ಮಾಡಿ.